ಜಾಂಗಡಕ್ಕೆ ಹೋದ ಸೀರೆಗಳು

ಮೇಲಿನಿಂದ ನೋಡಿದರೆ ಮನುಷ್ಯರಿಗೆ ಮುಖವಿರುವುದಿಲ್ಲ. ಕೇಶ್ವಾಪುರದ ಆ ಜವಳಿ ಅಂಗಡಿಯ ಅಟ್ಟದ ಕೋಣೆಗೆ ಬಂದು ಕೂತ ಹೊಸದರಲ್ಲೇ ಜೋಯಾ ಇದನ್ನು ಕಂಡುಕೊಂಡಿದ್ದಳು. ನೆತ್ತಿ, ಬೈತಲೆ, ಬಾಡಿದ ಅಬ್ಬಲಿಗೆ, ಬೋಳುತಲೆಯ ಮೇಲೆ ಹೊಳೆಯುವ ಟ್ಯೂಬ್‌ಲೈಟು, ಗಾದಿಯ ಬಿಳಿ ಹಾಸಿನ ಮೇಲೆ ಒಂದರ ಮೇಲೊಂದು ಬಿಚ್ಚಿಕೊಂಡು ಬೀಳುವ ಸೀರೆಗಳು, ಅವನ್ನು ಮುಟ್ಟಿ ಬಿಡುವ, ಬಿಟ್ಟು ಮತ್ತೆ ಮುಟ್ಟುವ ಬಳೆಗೈಗಳು. ಕ್ಯಾಮೆರಾದ ಪರದೆಯಲ್ಲಿ ದನಿಯೊಂದಿಲ್ಲ. ಗಿರಾಕಿಗಳ ಗದ್ದಲವೆಲ್ಲ ಮರದ ಮೆಟ್ಟಿಲ ಬುಡದಲ್ಲೇ ಉಳಿದು ಮೇಲೆ ಬರುತ್ತಿದ್ದುದು ಬರೀ ಒಂದು ಗುಂಯ್‌ಗುಟ್ಟುವಿಕೆ. ಅವಳಿಗೆ ಇದು ಹಿತವಾಗಿತ್ತು. ಎಲ್ಲರನ್ನೂ ನೋಡಬಹುದು, ಯಾರಿಗೂ ಕಾಣಬೇಕಾಗಿಲ್ಲ. ಬುದ್ಧಿ ತಿಳಿದಾಗಿನಿಂದ ತಾನು ಹುಡುಕುತ್ತಿದ್ದುದು ಇಂಥದೊಂದು ಜಾಗವನ್ನೇ ಏನೋ ಎಂದು ಒಮ್ಮೊಮ್ಮೆ ಅನಿಸಿ, ಹಾಗೆ ಅನಿಸಿದ್ದಕ್ಕೇ ನಾಚಿಕೆಯಾಗುತ್ತಿತ್ತು.

ಇವತ್ತು ಮಾತ್ರ ಕುರ್ಚಿಯ ಮೇಲೆ ಮೈ ನಿಲ್ಲುತ್ತಿರಲಿಲ್ಲ. ಮೇಜಿನ ಮೇಲೆ ಬೋರಲಾಗಿಟ್ಟ ಮೊಬೈಲು ಗಳಿಗೆಗೊಮ್ಮೆ ನಡುಗುತ್ತಿತ್ತು. ಅವಳು ಪರದೆಯಿಂದ ತೆಗೆದು ಕಳಿಸಿದ ಫೋಟೋಕ್ಕೆ ಶಾಬಾಸ್ ಎಂದು ಒಬ್ಬರು, ಬರೀ ಹೆಬ್ಬೆಟ್ಟಿನ ಚಿತ್ರ ಹಾಕಿ ಇನ್ನೊಬ್ಬರು, ಎಲ್ಲ ಅಂಗಡಿಯವರೂ ಹಿಂಗಽ ಇದ್ದರ ಕಳ್ಳರು ಊರ ಬಿಟ್ಟು ಓಡತಾರ ಎಂದು ಸ್ಟೀಲಿನ ಪಾತ್ರೆಯಂಗಡಿಯವರು. ಕಡೆಗೆ ಪಿ.ಎಸ್.ಐ. ಜಯಮಾಲಾ ಮೇಡಮ್ಮೇ ಬರೆದಿದ್ದರು: ಸುಳ್ಳ ಎಂಬ ಊರಿನ ಬಸ್ಸು ಹತ್ತುವ ಕಡೆ ಸಿಕ್ಕಿದ್ದಾಳೆ, ಮಾಲು ಮೈಮೇಲೆಯೇ ಇದೆ. ಕೆಳಗೊಂದು ಫೋಟೋ. ಜೋಯಾ ಅದನ್ನು ಪೂರ್ತಿ ನೋಡಿರಲಿಲ್ಲ. ಇಬ್ಬರು ಖಾಕಿಯವರ ನಡುವೆ ಒಂದು ಇಳಕಲ್ಲ ಸೀರೆಯ ಸೆರಗು ಕಂಡಿತ್ತು, ಅಷ್ಟಕ್ಕೇ ಮೊಬೈಲನ್ನು ಮಗುಚಿ ಇಟ್ಟಿದ್ದಳು. ಎದೆಯೊಳಗಿನದು ಖುಷಿಯೇ ಇರಬೇಕು ಎಂದುಕೊಂಡಳು. ಖುಷಿಯಾದಾಗಲೂ ತನಗೆ ಕಿವಿ ಬಿಸಿಯಾಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಮಾನವಾದಾಗ ಆಗುತ್ತದೆ ಎಂಬುದಷ್ಟೇ ಗೊತ್ತಿತ್ತು.

ಮೊದಲು ಅವಳನ್ನು ಗಾದಿಯ ಮೇಲೆಯೇ ಕೂರಿಸಿದ್ದರು. ಬಿ.ಎ. ಮುಗಿಸಿ ಮನೆಯ ಕಿಟಕಿಯ ಬಳಿ ಓದುತ್ತ ಬರೆಯುತ್ತ ಕಾಲ ಕಳೆಯುತ್ತಿದ್ದವಳನ್ನು ಅಂಗಡಿಯ ಮಾಲೀಕ ಕಮರುದ್ದೀನ ಕಾಕಾ, ಅಪ್ಪನ ಗೆಳೆಯರು, ಮಂದಿಯ ನಡುವೆ ಇದ್ದರೆ ಧೈರ್ಯ ಬರುತ್ತದೆ ಎಂದು ಕರೆಸಿಕೊಂಡಿದ್ದರು. ಅಂಗಡಿಯಲ್ಲಿ ಕಾಕಾ ಮನೆಯ ಉರ್ದು ಆಡುತ್ತಿರಲಿಲ್ಲ. ಗಿರಾಕಿಗೆ ತಿಳಿಯದ ಭಾಷೆಯಲ್ಲಿ ಗಿರಾಕಿಯ ಎದುರು ಮಾತಾಡುವುದು ಮರ್ಯಾದೆಯಲ್ಲ ಎಂದು ಅವಳ ಜೊತೆಗೂ ಕನ್ನಡವನ್ನೇ ಆಡುತ್ತಿದ್ದರು. "ಬರ್ರಿ ಅಕ್ಕಾರ, ಕೂಡ್ರಿ, ನೀರ ಕುಡೀತೀರೇನು, ಇಷ್ಟಂದ್ರ ಸಾಕು ಬೇಟಿ, ಉಳಿದದ್ದು ಸೀರಿ ಮಾತಾಡತೈತಿ." ಅಷ್ಟು ಮಾತು ಅವಳ ಗಂಟಲಿನಿಂದ ಹೊರಡಲಿಲ್ಲ. ಹೊರಟರೂ ಗಿರಾಕಿಯ ಮೊಣಕಾಲಿನ ತನಕ ಹೋಗಿ ಬಿದ್ದುಬಿಡುತ್ತಿತ್ತು. "ಈ ಹುಡುಗಿ ಸೀರಿ ಮಾರಾಕ ಕುಂತೈತ್ಯೋ ಮುಚ್ಚಿಡಾಕ ಕುಂತೈತ್ಯೋ," ಎಂದು ಒಬ್ಬ ದಪ್ಪ ಹೆಂಗಸು ನಕ್ಕಾಗ ಪಕ್ಕದಲ್ಲಿದ್ದ ಮುಕ್ತಾರ ಭಾಯಿ, ಇಪ್ಪತ್ತು ವರ್ಷದಿಂದ ಆ ಗಾದಿಯಲ್ಲೇ ಸೀರೆ ಬಿಚ್ಚುತ್ತ ಬಂದವನು, ತಾನೂ ನಕ್ಕಿದ್ದ. ಕೆಡುಕಿನಿಂದಲ್ಲ. ಆದರೂ ಆ ನಗು ಅವಳ ಬೆನ್ನ ಮೇಲೆ ಬಹಳ ದಿನ ಕೂತಿತ್ತು.

ಆಮೇಲೆ ದೀಪಾವಳಿಗೆ ಮುಂಚೆ ಅಂಗಡಿಯಲ್ಲಿ ಒಂದು ಕಳ್ಳತನವಾಯಿತು. ಮದುವೆಯ ಬಸ್ತಾ ಹಾಕಿಸಲು, ಎಂದರೆ ಮದುವೆಮನೆಗೆಲ್ಲ ಒಟ್ಟಿಗೆ ಬಟ್ಟೆ ಕೊಳ್ಳಲು, ಬಂದವರಂತೆ ಒಂದು ಹಿಂಡು ಹೆಂಗಸರು, ಕಂಕುಳಲ್ಲೊಂದು ಕೂಸು, ಇಡೀ ಅಂಗಡಿಯನ್ನೇ ಬಿಚ್ಚಿಸಿ ಕೂತರು. ಕೂಸು ಅತ್ತಿತು, ಒಬ್ಬಳು ನೀರು ಕೇಳಿದಳು, ಇನ್ನೊಬ್ಬಳು ಬಣ್ಣ ನೋಡಲು ಸೀರೆಯನ್ನು ಬಿಸಿಲಿಗೆ ಒಯ್ದಳು. ಅವರು ಏನೂ ಕೊಳ್ಳದೆ ಎದ್ದು ಹೋದ ಮೇಲೆ ರೇಷ್ಮೆಯ ಒಂದು ಗಂಟೇ ಇರಲಿಲ್ಲ. ಅದೇ ವಾರ ಊರಿನ ಇನ್ನಷ್ಟು ಅಂಗಡಿಗಳಲ್ಲಿ ಅದೇ ಕೂಸು ಅತ್ತಿತ್ತು. ಸರಕಾರ ಇಂಥ ಗುಂಪುಗಳನ್ನು ಹಿಡಿಯಲೆಂದೇ ಒಂದು ವಿಶೇಷ ತಂಡ ಮಾಡಿತು. ಅಂಗಡಿಯವರನ್ನೆಲ್ಲ ಕಲ್ಯಾಣಮಂಟಪವೊಂದಕ್ಕೆ ಕರೆದರು. ಕ್ಯಾಮೆರಾ ಎಲ್ಲಿರಬೇಕು, ಅದರ ಮುಂದೆ ಸದಾ ಒಬ್ಬರು ಕೂತಿರಬೇಕು, ಅನುಮಾನ ಬಂದ ಕೂಡಲೇ 'ಕಾವಲು' ಎಂಬ ಮೊಬೈಲ್ ಗುಂಪಿಗೆ ಫೋಟೋ ಕಳಿಸಬೇಕು, ಉಳಿದದ್ದನ್ನು ಬೀದಿಯಲ್ಲಿರುವ ತಂಡ ನೋಡಿಕೊಳ್ಳುತ್ತದೆ. ಪರದೆಯ ಮುಂದೆ ಕೂರುವ ಆ ಕೆಲಸಕ್ಕೆ ಕಾಕಾ ಜೋಯಾಳನ್ನು ಆರಿಸಿದ್ದರು. ಜಯಮಾಲಾ ಮೇಡಂ ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದ್ದರು: "ಕಳ್ಳರು ಕಣ್ಣಿಗೆ ಕಣ್ಣ ಕೊಟ್ಟು ಮಾತಾಡಂಗಿಲ್ರಿ. ಗೋಡಿ ಹಿಡದು ನಡೀತಾರ. ಹಿಂದ ಮುಂದ ನೋಡತಾರ. ಕೈ ಯಾವಾಗಲೂ ಬಟ್ಟಿ ಒಳಗಽ ಇರತಾವು." ಕಟ್ಟಕಡೆಯ ಸಾಲಿನಲ್ಲಿ, ಗೋಡೆಗೊತ್ತಿಕೊಂಡು, ಕೈಗಳನ್ನು ದುಪಟ್ಟಾದೊಳಗೆ ಸುತ್ತಿ ಕೂತಿದ್ದ ಜೋಯಾ ಮೆಲ್ಲಗೆ ಕೈ ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಳ್ಳರ ಗುರುತುಗಳೆಲ್ಲ ತನ್ನವೇ ಆಗಿದ್ದವು.

ಅದು ಹೊಸ ಸಂಗತಿಯೇನೂ ಆಗಿರಲಿಲ್ಲ. ಸಾಲೆಯಲ್ಲಿ ಒಬ್ಬ ಹುಡುಗಿಯ ಕಂಪಾಸ ಬಾಕ್ಸು ಕಳೆದಾಗ, ಯಾರು ತೊಗೊಂಡಾರೋ ಅವರ ಮಾರಿನಽ ಹೇಳತೈತಿ ಎಂದು ಟೀಚರು ಸಾಲಾಗಿ ಎಲ್ಲರ ಮುಖ ನೋಡುತ್ತ ಬಂದು ಜೋಯಾಳ ಮುಂದೆ ನಿಂತುಬಿಟ್ಟಿದ್ದರು. ಅವಳು ತೆಗೆದುಕೊಂಡಿರಲಿಲ್ಲ. ಆದರೆ ಮುಖ ಏನೇನೋ ಹೇಳುತ್ತಿತ್ತು, ಕಿವಿ ಕೆಂಡವಾಗಿತ್ತು, ನಾನಲ್ಲ ಎನ್ನಲು ಬಾಯಿ ತೆರೆದರೆ ಅಳು ಬಂದಿತ್ತು. ಚೀಲ ಸುರುವಿ ನೋಡಿದರು. ಮಧ್ಯಾಹ್ನ ಆ ಬಾಕ್ಸು ಆ ಹುಡುಗಿಯದೇ ಬುತ್ತಿಯ ಚೀಲದಲ್ಲಿ ಸಿಕ್ಕಿತು. ಸಿಕ್ಕಿತು ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಜೋಯಾಳಿಗೆ ಮಾತ್ರ ಯಾರೂ ಬಂದು ಹೇಳಲಿಲ್ಲ.

ಕೆಳಗೆ ಕಾಕಾ ನಮಾಜಿನಿಂದ ಬಂದದ್ದು ಪರದೆಯಲ್ಲಿ ಕಂಡಿತು: ಬಿಳಿಯ ಟೋಪಿ, ಅದನ್ನು ಮಡಚಿ ಕಿಸೆಗಿಡುವ ಕೈ. ಜೋಯಾ ಎದ್ದಳು. ಇವತ್ತು ತಾನೇ ಇಳಿದು ಹೋಗಿ ಹೇಳಬೇಕು ಎಂದು ಅವಳಿಗೆ ಅನಿಸಿತು. ಅಂಗಡಿ ತುಂಬ ಮಂದಿಯಿದ್ದಾಗ ಅವಳು ತಾನಾಗಿ ಆ ಮೆಟ್ಟಿಲಿಳಿದದ್ದು ಅದೇ ಮೊದಲು. ಮುಕ್ತಾರ ಭಾಯಿ ಹುಬ್ಬೇರಿಸಿದ. "ಕಾಕಾ, ಒಬ್ಬಾಕಿ ಸೀರಿ ಕದ್ದಿದ್ಲು. ನಾ ನೋಡಿದೆ. ಪೊಲೀಸರು ಹಿಡದಾರ," ಎಂದಳು. ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು. ಫೋಟೋ ತೆರೆದು ತೋರಿಸಿದಳು. ಕಾಕಾ ಕನ್ನಡಕ ಹಣೆಗೇರಿಸಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದರು. ನಗಲಿಲ್ಲ. ಅವರ ಗದ್ದ ನಿಧಾನವಾಗಿ ಕೆಳಗೆ ಬಂತು.

"ಇವರು ಸುಳ್ಳದ ಮುತ್ತವ್ವ," ಎಂದರು. "ಆ ಸೀರಿ ನಾನಽ ಕೊಟ್ಟೇನಿ. ಜಾಂಗಡ."

ಜಾಂಗಡವೆಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮದುವೆಯ ಸೀರೆಯನ್ನು ಮನೆಗೊಯ್ದು, ಪೇಟೆಗೆ ಬರಲಾರದ ಹಿರಿಯರಿಗೆ ತೋರಿಸಿ, ಮನಸ್ಸಿಗೆ ಬಂದರೆ ಇಟ್ಟುಕೊಂಡು ಇಲ್ಲವಾದರೆ ತಿರುಗಿ ತಂದುಕೊಡುವ ರೂಢಿ. ಕಾಕಾನ ಅಪ್ಪನ ಕಾಲದಿಂದ ನಂಬಿಕೆಯ ಮನೆಗಳಿಗೆ ನಡೆದುಬಂದದ್ದು. ಆದರೆ ಹೇಗೆ ಒಯ್ಯುತ್ತಾರೆ ಎಂಬುದನ್ನು ಅವಳು ಎಂದೂ ನೋಡಿರಲಿಲ್ಲ. ಈಗ ಕಣ್ಣ ಮುಂದೆ, ಪರದೆಯಲ್ಲಿ ಕಂಡಿದ್ದ ಆ ಚಿತ್ರ ಮತ್ತೆ ನಡೆಯಿತು. ಗಾದಿಯ ಅಂಚಿಗೆ ಕೂತ ಹೆಂಗಸು ತಲೆಯೆತ್ತಿ, ಯಾರೂ ಇಲ್ಲದ ಕಡೆ ನೋಡಿ ಒಂದಿಷ್ಟು ನಕ್ಕಳು. ಆ ಕಡೆ ಯಾರೂ ಇಲ್ಲವೆಂದು ತಾನಂದುಕೊಂಡದ್ದು. ಅಲ್ಲಿ, ಕ್ಯಾಮೆರಾದ ಸರಿಯಾಗಿ ಕೆಳಗೆ, ಪರದೆಗೆ ಸಿಗದ ಆ ಒಂದೇ ಜಾಗದಲ್ಲಿ, ಚಪ್ಪಲಿ ಮೆಟ್ಟುತ್ತ ಕಾಕಾ ನಿಂತಿದ್ದರು. ಎರಡೂ ಒಯ್ರಿ ಎಂದಿರಬೇಕು. ಆ ಹೆಂಗಸು ಎರಡು ಸೀರೆ ಎತ್ತಿ ಸೆರಗಿನೊಳಗೆ ಸೇರಿಸಿ ಎಡಗೈಯಿಂದ ಒತ್ತಿ ಹಿಡಿದು, ಹಿಂದೆ ಮುಂದೆ ನೋಡಿ, ಗೋಡೆಗುಂಟ ಹೊರಟುಹೋಗಿದ್ದಳು. ಆಗ ಮುಕ್ತಾರ ಭಾಯಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಹಾಗೆ ಕೇಳಲು ಮೆಟ್ಟಿಲ ಮೇಲೆ ನಿಂತು ಕೂಗಬೇಕಿತ್ತು, ಎಲ್ಲರೂ ಕತ್ತೆತ್ತಿ ತನ್ನನ್ನು ನೋಡುತ್ತಿದ್ದರು. ಅದಕ್ಕಿಂತ ಬೆರಳಿನಿಂದ ಒಂದು ಗುಂಡಿ ಒತ್ತುವುದು ಹಗುರವಾಗಿತ್ತು. ಇಷ್ಟೇ ಕಾರಣ. ಬೇರೆ ಯಾವ ಕಾರಣವೂ ಇರಲಿಲ್ಲ.

ಕಾಕಾ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಮುಕ್ತಾರ, ಅಂಗಡಿ ನೋಡು. ಬೇಟಿ, ಚಪ್ಪಲಿ ಹಾಕ್ಕೊ," ಎಂದರು. ಸ್ಕೂಟರಿನ ಹಿಂದೆ ಕೂತು ಅವಳು ದಾರಿಯುದ್ದಕ್ಕೂ ಅವರ ಅಂಗಿಯ ಕಾಲರಿನ ಹರಿದ ಹೊಲಿಗೆಯನ್ನೇ ನೋಡಿದಳು. ಗುಂಪಿನಲ್ಲಿ ಫೋಟೋ ಹೋದದ್ದು ಅಂಗಡಿಯ ಹೆಸರಿನಿಂದ, ತನ್ನ ಹೆಸರು ಎಲ್ಲೂ ಇಲ್ಲ ಎಂಬ ಯೋಚನೆ ಒಮ್ಮೆ ಬಂತು. ಬಂದದ್ದನ್ನು ಅವಳು ಓಡಿಸಲಿಲ್ಲ. ಸ್ಕೂಟರು ತಿರುವು ತೆಗೆದುಕೊಂಡಾಗಲೂ ಅದು ಅವಳ ಜೊತೆಗೇ ಬಾಗಿತು, ಜೊತೆಗೇ ನೆಟ್ಟಗಾಯಿತು.

ಠಾಣೆಯಲ್ಲಿ ಮುತ್ತವ್ವ ಬೆಂಚಿನ ತುದಿಯಲ್ಲಿ ಕೂತಿದ್ದಳು. ಮುಖವಿತ್ತು. ಜೋಯಾಳಿಗೆ ಮೊದಲು ಹೊಳೆದದ್ದು ಅದೇ: ಮುಖವಿದೆ, ಅಗಲವಾದ ಮುಖ, ಹಣೆಯ ಮೇಲೆ ಬೆವರಿಗೆ ಕರಗಿದ ಕುಂಕುಮ, ಅತ್ತಿದ್ದರೂ ಅತ್ತಂತೆ ತೋರಿಸಿಕೊಳ್ಳಬಾರದೆಂದು ಬಿಗಿಹಿಡಿದ ತುಟಿ. ಮೇಜಿನ ಮೇಲೆ ಆ ಎರಡು ಸೀರೆಗಳನ್ನು ಯಾರೋ ಬಿಚ್ಚಿ ಅಡ್ಡಾದಿಡ್ಡಿ ಮಡಿಚಿಟ್ಟಿದ್ದರು. ಕಾಕಾನನ್ನು ಕಂಡದ್ದೇ ಮುತ್ತವ್ವ ಎದ್ದಳು. "ನೋಡ್ರಿ ಬಾಯಾರ, ಬಂದ್ರು. ಈಗ ಇವರನ್ನ ಕೇಳ್ರಿ. ನಾ ಹೇಳಿದ್ರ ನಂಬಲಿಲ್ಲ ನೀವು."

ಕಾಕಾ ನಿಂತೇ ಎಲ್ಲವನ್ನೂ ಹೇಳಿದರು. ಜಯಮಾಲಾ ಮೇಡಂ ಮೊದಲು ಅವರನ್ನು, ಆಮೇಲೆ ಸೀರೆಗಳನ್ನು ನೋಡಿದರು. "ಅಲ್ರಿ ಯಜಮಾನ್ರ, ನಂಬಿ ಕೊಟ್ಟ ಮಾಲು ಸೆರಗಿನ್ಯಾಗ ಮುಚ್ಚಿಗೊಂಡು ಯಾಕ ಒಯ್ಯಬೇಕು? ನಿಮ್ಮ ಅಂಗಡಿ ಚೀಲದಾಗ ಹಾಕಿ ಕೊಟ್ಟಿದ್ರ ಈ ರಗಳೇನಽ ಇರತಿದ್ದಿಲ್ಲ."

ಉತ್ತರ ಕೊಟ್ಟದ್ದು ಮುತ್ತವ್ವ. "ಚೀಲದಾಗ ಹಾಕಿದ್ರ ಅದು ಮದುಮಗಳ ಸೀರಿ ಆಗಿಹೋತು ಬಾಯಾರ. ಹೋದ ಸೀರಿ ಹೊಳ್ಳಿ ಅಂಗಡಿಗೆ ಬರಬಾರದು. ಅಂಗಡಿ ಚೀಲಾ ಹಿಡಕೊಂಡ ಹ್ವಾದ್ರ ಓಣಿ ಮಂದಿ ಎಲ್ಲಾ ಬಂದು ನೋಡತಾರ, ನಾಳೆ ಅದು ಮನಸ್ಸಿಗೆ ಬರಲಿಲ್ಲಂತ ಕೊಟ್ರ, ಮುತ್ತವ್ವನ ಮಗಳ ಮದುವಿ ಸೀರಿ ಹೊಳ್ಳಿ ಹೋತಂತ ಬೀಗರ ತನಕ ಸುದ್ದಿ ಮುಟ್ಟತೈತಿ. ಅದಕ್ಕಽ ಮುಚ್ಚಿಗೊಂಡು ಒಯ್ಯೋದು. ನಮ್ಮವ್ವನೂ ಹಿಂಗಽ ಒಯ್ದಾಳ, ಅಕಿ ಅವ್ವನೂ ಹಿಂಗಽ. ನಿಮ್ಮ ಮನ್ಯಾಗ ಮದುವಿ ಆಗಿಲ್ಲೇನು?"

ಮೇಡಂ ಹಣೆಗೆ ಕೈ ಹಚ್ಚಿದರು. "ನಮ್ಮ ಅವ್ವ ಒಯ್ದಿರಬೇಕು ಬಿಡ್ರಿ, ನನಗೆಲ್ಲಿ ಗೊತ್ತು," ಎಂದವರು ಎದ್ದು ನಿಂತರು. "ತಪ್ಪಾತು ಮುತ್ತವ್ವಾರ. ನಮ್ಮ ಕಡಿಂದನೂ ತಪ್ಪಾತು. ಈ ಫೋಟೋ ಕಳಿಸಿದವರು ಯಾರ್ರಿ?"

"ಅಂಗಡಿಯಿಂದ ಹೋಗೇತಿ," ಎಂದರು ಕಾಕಾ. "ಅಂಗಡಿ ನಂದು. ತಪ್ಪು ನಂದು."

ಬಾಗಿಲ ಪಕ್ಕದ ಗೋಡೆ ಜೋಯಾಳ ಬೆನ್ನಿಗೆ ತಂಪಾಗಿತ್ತು. ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಮುತ್ತವ್ವ ಕೂರಲೂ ಇಲ್ಲ, ಹೊರಡಲೂ ಇಲ್ಲ. "ತಪ್ಪಾತಂತ ನೀವು ಇಲ್ಲಿ ಹೇಳಿದ್ರಿ, ನಾ ಕೇಳಿದೆ. ಬಸ್ ಸ್ಟಾಪಿನ್ಯಾಗ ನಮ್ಮ ಊರ ಮಂದಿ ಇದ್ರು, ಅವರು ಕೇಳಿದ್ರೇನು? ಪೊಲೀಸರು ನನ್ನ ಸೆರಗಿಗೆ ಕೈ ಹಾಕಿದ್ದು ಅಷ್ಟಽ ನೋಡಿ ಹೋಗ್ಯಾರ. ಫೋಟೋ ಈಗ ಊರಾಗ ಯಾರ ಯಾರ ಕೈಯಾಗ ಐತೋ. ಮಗಳ ಮದುವಿ ಮುಂದ ಇಟಗೊಂಡು ನಾ ಒಬ್ಬಾಕಿ ಆ ಊರಾಗ ಹೆಂಗ ಇಳೀಲಿ?" ಅವಳ ದನಿ ಅಲ್ಲಿ ಒಡೆಯಿತು, ಮತ್ತೆ ಕೂಡಿಕೊಂಡಿತು. "ಅಂಗಡಿಯವರು ನನ್ನ ಸಂಗಾಟ ಬರಬೇಕು. ನಮ್ಮ ಪಡಸಾಲ್ಯಾಗ ಕುಂತು, ಎಲ್ಲಾರ ಎದುರಿಗೆ ಈ ಸೀರಿ ಬಿಚ್ಚಿ ನಮ್ಮತ್ತಿಗೆ ತೋರಸಬೇಕು. ಕದ್ದ ಸೀರಿ ಯಾರೂ ಮನಿಗೆ ಬಂದು ಬಿಚ್ಚಿ ತೋರಸಂಗಿಲ್ಲ. ಮಂದಿ ಬಾಯಿ ಅದಕ್ಕಽ ಮುಚ್ಚತೈತಿ."

"ನಾ ಬರತೇನಿ, ನಡೀರಿ," ಎಂದರು ಕಾಕಾ.

"ನೀವು ಗಂಡಸರು ಬಂದ್ರ ನಮ್ಮತ್ತಿ ಒಳಗ ಹೊಕ್ಕು ಕುಂದರತಾಳ. ಹೆಣಮಗಳು ಬೇಕು."

"ಫೋಟೋ ನಾ ಕಳಿಸಿದ್ದು." ಕೋಣೆಯಲ್ಲಿ ಯಾರೋ ಬಹಳ ಗಟ್ಟಿಯಾಗಿ ಮಾತಾಡಿದ್ದರು. ಬರೆಯುತ್ತಿದ್ದ ಪೇದೆ ಕೂಡ ತಲೆಯೆತ್ತಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದುದರಿಂದ ಅದು ತನ್ನ ದನಿಯೇ ಎಂದು ಜೋಯಾಳಿಗೆ ತಿಳಿಯಿತು. "ಕೇಳದಽ ಕಳಿಸಿದೆ. ನಾ ಬರತೇನ್ರಿ."

ಮುತ್ತವ್ವ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆ ನೋಟದ ಕೆಳಗೆ ಕಿವಿ ಬಿಸಿಯಾಯಿತು, ಕೈ ತಾನಾಗಿ ದುಪಟ್ಟಾದೊಳಗೆ ಹೋಯಿತು. "ಇಷ್ಟ ಸಣ್ಣ ಹುಡುಗಿ," ಎಂದಳು ಮುತ್ತವ್ವ ಕಡೆಗೆ, ಸಿಟ್ಟಿಗಿಂತ ಹೆಚ್ಚಾಗಿ ಬೇಸರದಿಂದ. "ಸೀರಿ ಮಡಚಾಕರ ಬರತೈತೇನು?"

ಬರುತ್ತಿತ್ತು. ಜೋಯಾ ಮೇಜಿನ ಬಳಿ ಹೋಗಿ ಆ ಸೀರೆಗಳನ್ನು ಸೆರಗು ಹೊರಗೆ ಬರುವಂತೆ ಮಡಚತೊಡಗಿದಳು. ಅಷ್ಟರಲ್ಲಿ ಮೇಡಂ 'ಕಾವಲು' ಗುಂಪಿಗೆ ತಮ್ಮ ಹೆಸರಿನಲ್ಲೇ ಬರೆದರು: ಹಿಡಿದದ್ದು ತಪ್ಪು, ಆ ತಾಯಿ ಅಂಗಡಿಯ ನಂಬಿಕೆಯ ಗಿರಾಕಿ, ಫೋಟೋ ಎಲ್ಲಿಗೆ ಕಳಿಸಿದ್ದೀರೋ ಅಲ್ಲಿಗೆಲ್ಲ ಇದನ್ನೂ ಕಳಿಸಿ. ಆಮೇಲೆ ಜೀಪಿನಲ್ಲಿ ಊರಿಗೆ ಮುಟ್ಟಿಸುತ್ತೇವೆ ಎಂದರು. ಮುತ್ತವ್ವ ಎರಡೂ ಕೈ ಎತ್ತಿ ಅಡ್ಡ ಹಿಡಿದಳು. "ಯವ್ವಾ, ಜೀಪಿನ್ಯಾಗ ಹೋದ್ರ ಮುಗೀತು ನನ್ನ ಕಥಿ! ನಾವು ಬಸ್ಸಿಗೆ ಹೋಕ್ಕೇವಿ."

ಸುಳ್ಳದ ಬಸ್ಸಿನಲ್ಲಿ ಮುತ್ತವ್ವ ಕಿಟಕಿಗೆ ಕೂತಳು. ಊರ ಮನೆಗಳು ಮುಗಿದು ಎರೆಹೊಲಗಳು ಶುರುವಾದವು. ಕಡಲೆ ಹೂಬಿಟ್ಟಿತ್ತು. ಜೋಯಾ ಕ್ಷಮಿಸಿರಿ ಎಂಬ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಪುಸ್ತಕದ್ದು ಅನಿಸಿತು, ನುಂಗಿದಳು. ಕಂಪಾಸ ಬಾಕ್ಸಿನ ಆ ಮಧ್ಯಾಹ್ನ ಯಾರಾದರೂ ಬಂದು ಹೀಗೆ ಪಕ್ಕದಲ್ಲಿ ಸುಮ್ಮನೆ ಕೂತಿದ್ದರೂ ಸಾಕಿತ್ತಲ್ಲ ಎಂದು ಅನಿಸಿ, ಇನ್ನಷ್ಟು ಒತ್ತಿ ಕೂತಳು. ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಬಾಗಿ, "ಏನ ಮುತ್ತವ್ವಾ, ಬಿಟ್ಟು ಕಳಿಸಿದ್ರೇನ?" ಎಂದಳು. ಮುಂದಿನ ಸೀಟಿನವರೂ ತಿರುಗಿ ನೋಡಿದರು.

"ಹಿಡದಿದ್ರ ಅಲ್ಲೇನು ಬಿಡಾಕ," ಎಂದಳು ಮುತ್ತವ್ವ ತಿರುಗದೆ. "ಇಕಿ ಅಂಗಡ್ಯಾಕಿ. ನಮ್ಮತ್ತಿಗೆ ಸೀರಿ ತೋರಸಾಕ ಖುದ್ದ ಬಂದಾಳ. ನಿಮ್ಮ ಮನಿಗೆ ಯಾವ ಅಂಗಡ್ಯಾಕಿ ಬಂದಾಳ ಹೇಳು." ಆಮೇಲೆ ಜೋಯಾಳಿಗಷ್ಟೇ ಕೇಳುವಂತೆ: "ನಿಮ್ಮ ಕ್ಯಾಮೆರಾದಾಗ ನಾ ಹೆಂಗ ಕಂಡೆ?"

"ಮ್ಯಾಲಿಂದ ಕಾಣತೈತ್ರಿ. ಬೈತಲೆ ಕಂಡಿತು. ಮಾರಿ ಕಾಣಲಿಲ್ಲ."

ಮುತ್ತವ್ವನ ಕೈ ತಾನಾಗಿ ನೆತ್ತಿಗೆ ಹೋಯಿತು. "ನಡುವ ಕೂದಲ ಉದರ್‍ಯಾವು. ಅದೂ ಕಂಡಿತೇನು?"

ಕಂಡಿತ್ತು. "ಇಲ್ರಿ," ಎಂದಳು ಜೋಯಾ. ಮುತ್ತವ್ವ ಅವಳ ಮುಖ ನೋಡಿ, ಸುಳ್ಳೆಂದು ತಿಳಿದು, ಮೊದಲ ಸಲ ಮೂಗಿನಲ್ಲೇ ನಕ್ಕಳು.

ಪಡಸಾಲೆ ಇವರು ಬರುವ ಮೊದಲೇ ತುಂಬಿತ್ತು. ಸುದ್ದಿ ಬಸ್ಸಿಗಿಂತ ಮುಂಚೆ ಬಂದಿತ್ತು. ಬಾಗಿಲಲ್ಲಿ, ಕಟ್ಟೆಯ ಮೇಲೆ, ಕಂಬಕ್ಕೊರಗಿ ಹೆಂಗಸರು. ಒಳಗಿನ ಬಾಗಿಲಲ್ಲಿ ಮದುಮಗಳು, ಕಣ್ಣು ಕೆಂಪು. ಮುತ್ತವ್ವನ ಅತ್ತೆ, ಕಣ್ಣಿಗೆ ಪೊರೆ ಬಂದ ಒಂದು ಹಿಡಿಯಷ್ಟು ಮುದುಕಿ, ಗೋಡೆಗೊರಗಿ ಕೂತಿದ್ದಳು. ಮುತ್ತವ್ವ ನಡುವೆ ಒಂದು ಕಂಬಳಿ ಹಾಸಿ ಅದರ ಮೇಲೆ ಬಿಳಿ ಧೋತರ ಹರವಿದಳು. ಜೋಯಾ ಕೂತಳು. ಇಷ್ಟು ಕಣ್ಣುಗಳು ಒಮ್ಮೆಲೇ ತನ್ನ ಮೇಲೆ ಎಂದೂ ಬಿದ್ದಿರಲಿಲ್ಲ. ಕಿವಿ, ಕತ್ತು, ಹಣೆ ಎಲ್ಲ ಉರಿದವು, ಈಗ ಎದ್ದು ಓಡಿದರೆ ಬಸ್ಸು ಸಿಗುತ್ತದೆಯೇ ಎಂದು ಸಹ ಯೋಚಿಸಿದಳು. ಆಮೇಲೆ ಮೊದಲ ಸೀರೆಯ ಮಡಿಕೆಯಲ್ಲಿ ಬೆರಳಿಟ್ಟು, ಮುಕ್ತಾರ ಭಾಯಿ ಮಾಡುವಂತೆ, ಒಂದೇ ಸಲ ಬೀಸಿದಳು. ಕುಸುಬೆಯ ಬಣ್ಣ ಪಡಸಾಲೆಯ ಅಗಲಕ್ಕೂ ಬಿದ್ದಿತು. ಸೆರಗಿನ ಕೆಂಪು ತೆನೆಗಳು ಮುದುಕಿಯ ಪಾದದ ಹತ್ತಿರ ಹೋಗಿ ನಿಂತವು. ಯಾರೋ 'ಆಹಾ' ಎಂದರು.

"ನಮ್ಮ ಕಮರುದ್ದೀನ ಕಾಕಾ ಕಳಿಸ್ಯಾರ್ರಿ," ಎಂದಳು. ದನಿ ಮೊಣಕಾಲಿಗೆ ಬೀಳಲಿಲ್ಲ. "ಮುತ್ತವ್ವಾರಿಗೆ ಅವರಽ ಕೊಟ್ಟಿದ್ರು. ಅಂಗಡ್ಯಾಗಿನ ಹುಡುಗಿಗೆ ತಿಳೀಲಿಲ್ಲ, ತಪ್ಪ ತಿಳಕೊಂಡು ಫೋಟೋ ಕಳಿಸಿದ್ಲು. ಆ ಹುಡುಗಿ ನಾನಽ."

ಕಂಬದ ಬಳಿಯ ತರುಣಿಯೊಬ್ಬಳು ತನ್ನ ಮೊಬೈಲು ತೆಗೆದು ನೋಡಿ, "ಅಲ್ಲಬೇ ಚಿಗವ್ವಾ, ಫೋಟೋದಾಗ ಮಾತ್ರ ಖರೇನ ಛಲೋ ಬಂದೀ ನೋಡು. ಪೊಲೀಸರಽ ನಿನ್ನ ಕಾವಲಿಗೆ ನಿಂತಂಗ ಕಾಣತೈತಿ," ಎಂದಳು. ಯಾರೋ ಕಿಸಕ್ಕೆಂದರು. ಮುದುಕಿ ಆ ಕಡೆ ಕಿವಿಗೊಡಲಿಲ್ಲ. ಅವಳ ಬೆರಳುಗಳು ಸೀರೆಯ ಅಂಚನ್ನು ಹಿಡಿದು, ಹೆಬ್ಬೆರಳಿನಿಂದ ಅಳೆಯುತ್ತ, ತುದಿಯಿಂದ ತುದಿಗೆ ಹೋಗುತ್ತಿದ್ದವು. ಎರಡನೆಯದನ್ನೂ ಹಾಗೆಯೇ ನೋಡಿದಳು. ಆಮೇಲೆ ಎರಡನ್ನೂ ಕಾಲ ಬಳಿಯಿಂದ ಆಚೆ ಸರಿಸಿದಳು.

"ಇಷ್ಟ ಸಣ್ಣ ಅಂಚಿನ ಸೀರಿಗೆ ನನ್ನ ಸೊಸಿನ್ನ ಹಿಡದ್ರೇನ ಅವರು!" ಎಂದಳು ಮುದುಕಿ. "ಹಿಡಿಯೋದು ಹಿಡದ್ರಂತ, ಒಂದ ಛಲೋ ಸೀರಿಗರ ಹಿಡೀಬಾರದೇನು? ಮರ್ಯಾದಿ ಕಳದ್ರು!"

ಪಡಸಾಲೆ ನಗೆಯಿಂದ ಒಡೆದುಹೋಯಿತು. ಕಟ್ಟೆಯ ಮೇಲಿನವರು ಸೆರಗು ಬಾಯಿಗೆ ಒತ್ತಿಕೊಂಡರು, ಮದುಮಗಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು, ಬಸ್ಸಿನ ಆ ಹೆಂಗಸು, ಅವಳೂ ಬಂದಿದ್ದಳು, ಎಲ್ಲರಿಗಿಂತ ಜೋರಾಗಿ ನಕ್ಕಳು. ಮುತ್ತವ್ವ ಮಾತ್ರ ನಗಲಿಲ್ಲ. ನೆಲಕ್ಕೆ ಕೂತು, ಮೊಣಕಾಲಿಗೆ ಮುಖವಿಟ್ಟು, ಬೆನ್ನು ಅಲುಗಿಸುತ್ತ ಅತ್ತಳು. ಆ ಅಳು ಸ್ವಲ್ಪ ಹೊತ್ತಿಗೆ ನಗುವಿನ ಜೊತೆ ಸೇರಿ ಯಾವುದು ಯಾವುದೋ ತಿಳಿಯದಂತಾಯಿತು. ಆಮೇಲೆ ಮಾತು ಅಂಚಿನ ಮೇಲೆ ನಡೆಯಿತು. ಈಗಿನ ಕಾಲದಲ್ಲಿ ಸಣ್ಣ ಅಂಚೇ ಚೆಂದ ಎಂದು ತರುಣಿಯರು, ಮದುವೆಗೆ ಅಂಗೈಯಗಲದ ಅಂಚೇ ಎಂದು ಹಿರಿಯರು. ಫೋಟೋದ ಮಾತು ಮತ್ತೆ ಯಾರೂ ಎತ್ತಲಿಲ್ಲ. "ಯಾರ ಮಗಳವಾ ನೀ?" ಎಂದು ಮುದುಕಿ ಜೋಯಾಳ ಕೈ ಹಿಡಿದು ಕೇಳಿ, ಉತ್ತರ ಕೇಳುವ ಮೊದಲೇ ಅಂಗೈಯಲ್ಲಿ ಒಂದು ಶೇಂಗಾದುಂಡೆ ಇಟ್ಟಳು. ಅದು ಕೈಯ ಬೆವರಿಗೆ ಅಂಟಿತು. ಜೋಯಾ ಅದನ್ನು ಎಲ್ಲರೆದುರಿಗೆ ತಿಂದಳು. ಮಂದಿಯೆದುರು ತಿನ್ನುವುದೆಂದರೆ ಅವಳಿಗಾಗದು. ಅದು ನೆನಪಾದದ್ದು ತಿಂದು ಮುಗಿದ ಮೇಲೆ.

ಬಸ್ಸಿನ ತನಕ ಮುತ್ತವ್ವ ಬಂದಳು. ಸೀರೆಗಳನ್ನು ಜೋಯಾ ಕೈಯಲ್ಲಿ ಹಿಡಿದಿದ್ದು ನೋಡಿ ತಲೆಯಲ್ಲಾಡಿಸಿ, ತಾನೇ ಅವನ್ನು ಅವಳ ದುಪಟ್ಟಾದೊಳಗೆ ಸೇರಿಸಿ, ಅವಳ ಎಡಗೈಯನ್ನು ತಂದು ಮೇಲಿಟ್ಟಳು. "ಹಿಂಗ ಒತ್ತಿ ಹಿಡಿ. ಜಾರಿಸಬ್ಯಾಡ. ಹಾದ್ಯಾಗ ಯಾರರ ಕೇಳಿದ್ರ ಏನೂ ಇಲ್ಲನ್ನು." ಬಸ್ಸು ಹೊರಟ ಮೇಲೆ ಕಿಟಕಿಯ ಕೆಳಗೆ ಓಡುತ್ತ ಬಂದು ಕೂಗಿದಳು: "ನಿಮ್ಮ ಕಾಕಾಗ ಹೇಳು, ಅಂಚು ದೊಡ್ಡದು!"

ಹೊಲಗಳ ಮೇಲೆ ಸಂಜೆಯ ಬಿಸಿಲು ಅಡ್ಡಬಿದ್ದಿತ್ತು. ಮೊಬೈಲು ನಡುಗಿತು, ಈ ಸಲ ಅವಳು 'ಕಾವಲು' ತೆರೆದು ಪೂರ್ತಿ ಓದಿದಳು. ಕೂಸಿನ ಆ ಹಿಂಡು ರೈಲು ನಿಲ್ದಾಣದ ಹತ್ತಿರ ಸಿಕ್ಕಿತ್ತು, ಬೇರೆ ಬೇರೆ ಅಂಗಡಿಗಳ ಗಂಟುಗಳ ಸಮೇತ. ತಮ್ಮ ತಮ್ಮ ಮಾಲು ಗುರುತಿಸಲು ನಾಳೆ ಬನ್ನಿರಿ ಎಂದು ಮೇಡಂ ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: ಜಾಂಗಡ ಕೊಡುವವರು ಕ್ಯಾಮೆರಾದ ಮುಂದೆ ಕೂತವರಿಗೆ ಒಂದು ಮಾತು ಹೇಳಿ ಕೊಡಿರಿ. ಜೋಯಾ ಉಸಿರು ಬಿಟ್ಟಳು. ಆ ಕೂಸು ಈಗ ಎಲ್ಲಿರಬಹುದು, ಯಾರ ಕಂಕುಳಲ್ಲಿ, ಎಂದು ಒಂದು ಯೋಚನೆ ಸುಳಿಯಿತು. ಅದಕ್ಕೂ ಜಾಗ ಕೊಟ್ಟು ಕೂತಳು. ಪಕ್ಕದವನೊಬ್ಬ ಅವಳ ಎಡಗೈಯ ಕೆಳಗಿನ ಉಬ್ಬನ್ನು ಓರೆಗಣ್ಣಿನಿಂದ ನೋಡುತ್ತಿದ್ದ. ನೋಡಲಿ.

ಅಂಗಡಿಯ ಬಾಗಿಲಲ್ಲಿ ಅವಳು ತಲೆಯೆತ್ತಿದಳು. ಮೂಲೆಯಲ್ಲಿ ಕ್ಯಾಮೆರಾದ ಆ ಕರಿಯ ಗುಂಡಿ. ಅಟ್ಟದಲ್ಲಿ ಈಗ ಯಾರೂ ಇಲ್ಲ, ಖಾಲಿ ಕುರ್ಚಿಯ ಮುಂದಿನ ಪರದೆಯಲ್ಲಿ ಒಬ್ಬ ಹುಡುಗಿ ದುಪಟ್ಟಾದೊಳಗೆ ಏನನ್ನೋ ಮುಚ್ಚಿಕೊಂಡು ಗೋಡೆಗುಂಟ ಒಳಗೆ ಬರುತ್ತಿರಬೇಕು. "ಏನ ಮುಚ್ಚಿಗೊಂಡ ಬಂದಿ? ಫೋಟೋ ಹೊಡೀಲೇನ?" ಎಂದ ಮುಕ್ತಾರ ಭಾಯಿ. ಗಿರಾಕಿಗಳು ತಿರುಗಿ ನೋಡಿದರು. "ಹೊಡೀರಿ, ನೆತ್ತಿ ಅಷ್ಟಽ ಬರತೈತಿ," ಎಂದಳು ಜೋಯಾ.

ಕಾಕಾ ಸೀರೆಗಳನ್ನು ತೆಗೆದುಕೊಂಡು, "ಹೊಳ್ಳಿ ಬಂದ್ವೇನು?" ಎಂದರು.

"ಅಂಚು ಸಣ್ಣ ಆತಂತ್ರಿ."

"ಆ ಮುದುಕಿ ಬಿಡಾಕಿ ಅಲ್ಲ." ಅವರ ಮುಖದಲ್ಲಿ ಮಧ್ಯಾಹ್ನದಿಂದ ಬಿಗಿದಿದ್ದುದೇನೋ ಸಡಿಲವಾಯಿತು. ಮೇಲಿನ ಕಪಾಟಿನಿಂದ ಅಗಲ ಅಂಚಿನ ಎರಡು ತೆಗೆದು ಬದಿಗಿಟ್ಟರು. "ನಾಳೆ ಇವನ್ನ ನೀನಽ ಒಯ್ಯಿ. ಈಗ ಮ್ಯಾಲ ಹೋಗು, ಸ್ವಲ್ಪ ಕುಂದರು."

ಅವಳು ಮೆಟ್ಟಿಲ ಬುಡದ ತನಕ ಹೋದಳು. ಅಲ್ಲಿಂದ ಬಾಗಿಲು ಕಾಣುತ್ತಿತ್ತು. ಹೊರಗೆ ಒಬ್ಬ ಹೆಂಗಸು, ಒಬ್ಬಳೇ, ಒಂದು ಕಾಲು ಹೊಸ್ತಿಲೊಳಗೆ, ಇನ್ನೊಂದು ಬೀದಿಯಲ್ಲಿ. ಕೈ ಸೆರಗಿನೊಳಗೆ, ಕಣ್ಣು ಹಿಂದೆ, ಮುಂದೆ, ಗಾದಿಯ ಮೇಲಿನ ಮಂದಿಯ ಕಡೆ, ಮತ್ತೆ ಬೀದಿಯ ಕಡೆ. ಯಾರಾದರೂ ನೋಡಿದರೆ ಹೊರಟುಹೋಗುತ್ತಾಳೆ. ಯಾರೂ ನೋಡದಿದ್ದರೂ ಹೊರಟುಹೋಗುತ್ತಾಳೆ. ಜೋಯಾಳ ಕಿವಿ ಬಿಸಿಯಾಯಿತು. ಅದನ್ನು ಹಾಗೆಯೇ ಬಿಸಿಯಾಗಲು ಬಿಟ್ಟು ಅವಳು ಬಾಗಿಲಿಗೆ ಹೋದಳು.

"ಬರ್ರಿ ಅಕ್ಕಾರ," ಎಂದಳು. "ಒಳಗ ಬರ್ರಿ. ಕೂಡ್ರಿ. ನೀರ ಕುಡೀತೀರೇನು?"